ಮರೀನಾ: ಹೆಸರು ಸಿಸಿಲಿಯದು, ಮರಳು ಬಂದರಿನದು

ವಾರವಿಡೀ ಓಎಂಆರ್ ಆಫೀಸಲ್ಲಿ ದುಡಿದು, ಶನಿವಾರ ಸಂಜೆ ಮರೀನಾದಲ್ಲಿ ಸುಂಡಲ್ ತಿಂತಾ ಕೂರ್ತೀವಲ್ಲ, ಆ ಹೆಸರು ಬಂದಿದ್ದು ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪದಿಂದ.

ಮದ್ರಾಸಿನ ಗವರ್ನರ್ ಆಗಿದ್ದ ಗ್ರಾಂಟ್ ಡಫ್ ಕಡಲ ಪಕ್ಕ ವಾಯುವಿಹಾರದ ದಾರಿ ಮಾಡಿಸಿ, 1884ರಲ್ಲಿ ಸಿಸಿಲಿಯ ನೆನಪಿಗೆ ಅದನ್ನು ಮರೀನಾ ಅಂತ ಕರೆದರು. ಆಮೇಲೆ ಅವರ ಜೊತೆ ಅಲ್ಲಿ ನಡೆದ ಇಟಲಿಯ ಜನರಲ್ ಒಬ್ಬರಿಗೆ ಪಲೆರ್ಮೋದಲ್ಲೇ ಇದ್ದ ಹಾಗನ್ನಿಸಿತಂತೆ.

ಸರಿ, ಇಷ್ಟು ಅಗಲದ ಮರಳು ಎಲ್ಲಿಂದ ಬಂತು? 1870ರ ದಶಕದಲ್ಲಿ ಬಂದರಿನ ಗೋಡೆ ಕಟ್ಟೋಕೆ ಶುರುಮಾಡಿದರು. ಈ ತೀರದಲ್ಲಿ ವರ್ಷದ ಬಹುಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಒಯ್ಯುತ್ತವೆ. ಗೋಡೆ ಅದನ್ನು ತಡೆಯಿತು. ದಕ್ಷಿಣಕ್ಕೆ ಮರಳು ತುಂಬುತ್ತಾ ಮರೀನಾ ಅಗಲವಾಯಿತು. ಉತ್ತರದ ರಾಯಪುರಂ ಕಡೆ ಮರಳು ಬರದೆ ಕಡಲು ದಡವನ್ನೇ ಕೊರೆಯಿತು. ಮೀನುಗಾರರ ಮನೆಗಳು ಹೋದವು. ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಶನಿವಾರ ಮರೀನಾಗೆ ಹೋದಾಗ ಬಂದರು ದಾಟಿ ರಾಯಪುರಂ ಕಡೆಗೂ ಹೋಗಿ ಬನ್ನಿ. ಅಲ್ಲಿ ಕೂರೋಕೆ ಮರಳಿಲ್ಲ, ಕಡಲಿಗೆ ಅಡ್ಡ ಹಾಕಿದ ಬಂಡೆಗಲ್ಲುಗಳಿವೆ.