ಎಷ್ಟು ಏಟಿಗೆ ಎಷ್ಟು ಇಳೀತು?

ವೀಕೆಂಡಿನಲ್ಲಿ ಬೆಂಗಳೂರಿನಿಂದ ಕುರುಡುಮಲೆಗೆ ಹೋಗುವವರು 13.5 ಅಡಿಯ ಏಕಶಿಲಾ ಗಣಪತಿಗೆ ಕೈ ಮುಗಿದು, ಫೋಟೊ ತೆಗೆದುಕೊಂಡು, ಮುಳಬಾಗಿಲಿನಲ್ಲಿ ದೋಸೆ ತಿಂದು ವಾಪಸಾಗುತ್ತಾರೆ. ಅದೇ ಊರಿನ ಸೋಮೇಶ್ವರ ದೇವಸ್ಥಾನದ ಕಡೆ ಹೋಗುವವರು ಕಡಿಮೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದು. ಗಣಪತಿ ಗುಡಿಗಿಂತ ಹಳೆಯದು, ಚೋಳರ ಕಾಲದ್ದು ಅನ್ನುತ್ತಾರೆ. ಜೊತೆಗೆ ಇನ್ನೊಂದು ಮಾತೂ ಉಂಟು: ಇದಕ್ಕೆ ಪಾಯವೇ ಇಲ್ಲ, ಬಂಡೆ ಮೇಲೆ ಹಾಗೇ ಕಟ್ಟಿದ್ದಾರೆ.

ಇದನ್ನು ಪವಾಡ ಅನ್ನುವ ಹಾಗೆ ಹೇಳುತ್ತಾರೆ. ಆದರೆ ಪಾಯದ ಕೆಲಸ ಏನು? ಗೋಡೆ, ಕಂಬಗಳ ಭಾರವನ್ನು ಗಟ್ಟಿ ನೆಲಕ್ಕೆ ಮುಟ್ಟಿಸುವುದು. ಆ ಗಟ್ಟಿ ನೆಲ ಕಾಲ ಕೆಳಗೇ ಇದ್ದರೆ ಅಗೆಯುವುದೇನಿದೆ? ಕೋಲಾರದ ಬಂಡೆಗಳಿಗೆ 250 ಕೋಟಿ ವರ್ಷದಷ್ಟು ವಯಸ್ಸು. ಅದಕ್ಕಿಂತ ಒಳ್ಳೆ ಪಾಯ ಯಾವ ಗುತ್ತಿಗೆದಾರನೂ ಹಾಕಿಕೊಡಲಾರ.

ಕಷ್ಟ ಶುರುವಾಗುವುದು ಬಂಡೆ ಕಣ್ಣಿಗೆ ಕಾಣದ ಜಾಗದಲ್ಲಿ. ಅಲ್ಲಿ ನೆಲವನ್ನು ಕೇಳಬೇಕು. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಎರಡು ಪರೀಕ್ಷೆಗಳಿವೆ. ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಮಣ್ಣು ಮಿಕ್ಕಿದರೆ ಜಾಗ ಒಳ್ಳೆಯದು, ಸಮವಾದರೆ ಸಾಧಾರಣ, ಸಾಲದೆ ಬಂದರೆ ಬೇಡ. ಇನ್ನೊಂದು: ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಬಂದು ನೋಡಿ, ನೀರು ಇಳಿದಿದೆಯಾ ಅಂತ. ಮಣ್ಣು ಎಷ್ಟು ಒತ್ತಾಗಿದೆ, ನೀರನ್ನು ಎಷ್ಟು ಬಿಟ್ಟುಕೊಡುತ್ತದೆ ಎನ್ನುವ ಪ್ರಶ್ನೆಗಳನ್ನು ಇವತ್ತಿನ ಲ್ಯಾಬ್‌ಗಳೂ ಕೇಳುತ್ತವೆ. ಆದರೆ ಒಂದು ಮೊಳದ ಗುಂಡಿಗೆ ಹತ್ತು ಮೀಟರ್ ಕೆಳಗಿನ ಸುದ್ದಿ ಗೊತ್ತಾಗುವುದಿಲ್ಲ.

ಆಳದ ಸುದ್ದಿ ತಂದದ್ದು ಸುತ್ತಿಗೆ. 1902ರ ಸುಮಾರಿಗೆ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಗೌ ಎಂಬ ಗುತ್ತಿಗೆದಾರ, ಒಂದಿಂಚಿನ ಕೊಳವೆಯನ್ನು ಸುಮಾರು 50 ಕೆ.ಜಿ.ಯ ಭಾರದಿಂದ ಹೊಡೆದು ನೆಲಕ್ಕೆ ಇಳಿಸಿ ಮಣ್ಣಿನ ಮಾದರಿ ತೆಗೆಯತೊಡಗಿದ. ಅದಕ್ಕೆ ಮುಂಚೆ ನೀರು ಹಾಯಿಸಿ ಕೊರೆಯುತ್ತಿದ್ದರು, ಮೇಲೆ ಬರುತ್ತಿದ್ದದ್ದು ಬರೀ ಕೆಸರು. 1927ರ ಹೊತ್ತಿಗೆ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಕೊಳವೆ ಬಂತು. ಮಾದರಿಗಾಗಿ ಹೊಡೆಯುತ್ತಿದ್ದವರಿಗೆ ಏಟಿನ ಲೆಕ್ಕವೂ ಒಂದು ಮಾಹಿತಿ ಅನ್ನುವುದು ಹೊಳೆಯಿತು. 1947ರಲ್ಲಿ ಮಣ್ಣಿನ ಎಂಜಿನಿಯರಿಂಗಿನ ಪಿತಾಮಹ ಕಾರ್ಲ್ ಟೆರ್ಜಾಗಿ ಇದನ್ನು 'ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್' ಅಂತ ಕರೆದ.

ನಮ್ಮಲ್ಲಿ ಇದಕ್ಕೆ ಐಎಸ್ 2131 ಎಂಬ ಮಾನದಂಡ ಇದೆ. 63.5 ಕೆ.ಜಿ. ಸುತ್ತಿಗೆ, 75 ಸೆಂ.ಮೀ. ಎತ್ತರದಿಂದ ಬೀಳಬೇಕು. ಕೊಳವೆ 45 ಸೆಂ.ಮೀ. ಇಳಿಯಬೇಕು, ಮೊದಲ 15 ಬಿಟ್ಟು ಉಳಿದ 30 ಸೆಂ.ಮೀ.ಗೆ ಬಿದ್ದ ಏಟುಗಳೇ 'ಎನ್' ಸಂಖ್ಯೆ. ಮರಳು ನೆಲದಲ್ಲಿ ಎನ್ ನಾಲ್ಕರೊಳಗಿದ್ದರೆ ತೀರಾ ಸಡಿಲ, 50 ದಾಟಿದರೆ ತುಂಬಾ ಬಿಗಿ.

ಇಷ್ಟು ಸುಲಭವಾ? ಅಲ್ಲ. ಕೋಲಾರದ ನೆಲವೇ ಇದಕ್ಕೆ ಸಾಕ್ಷಿ. ಇಲ್ಲಿನ ಬಂಡೆ ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಕಳಚಿ ಮಣ್ಣಾಗುತ್ತದೆ. ಮಧ್ಯೆ ಸವೆಯದೆ ಉಳಿದ ದೊಡ್ಡ ಗುಂಡುಗಳು ಮಣ್ಣಿನೊಳಗೇ ಕೂತಿರುತ್ತವೆ. ಸುತ್ತಿಗೆ ಅಂಥದ್ದೊಂದಕ್ಕೆ ತಗುಲಿದರೆ ಐವತ್ತು ಏಟು ಹಾಕಿದರೂ ಕೊಳವೆ ಇಳಿಯಲ್ಲ. 'ಬಂಡೆ ಸಿಕ್ತು' ಅಂತ ಬರೆದುಕೊಂಡು ಎದ್ದುಬಿಟ್ಟರೆ, ಆ ಗುಂಡಿನ ಕೆಳಗಿನ ಮೆತ್ತನೆ ಮಣ್ಣು ಲೆಕ್ಕಕ್ಕೇ ಬರುವುದಿಲ್ಲ. ಕಟ್ಟಡದ ಒಂದು ಕಂಬ ಗುಂಡಿನ ಮೇಲೆ, ಪಕ್ಕದ್ದು ಮಣ್ಣಿನ ಮೇಲೆ ನಿಂತರೆ ಒಂದು ಹೆಚ್ಚು ಕುಸಿದು ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಅದಕ್ಕೇ ಸುತ್ತಿಗೆ ನಿಂತ ಕಡೆ ವಜ್ರದ ಬಿಟ್ ಹಾಕಿ ಇನ್ನಷ್ಟು ಮೀಟರ್ ಕೊರೆದು ನೋಡಬೇಕು, ಒಂದಲ್ಲ ನಾಲ್ಕಾರು ಕಡೆ ಕೊರೆಯಬೇಕು. ಅದಕ್ಕೆ ದುಡ್ಡು ಬೇಕು, ದಿನಗಳೂ ಬೇಕು. ಕತ್ತರಿ ಬೀಳುವುದು ಇಲ್ಲೇ.

ಬೆಂಗಳೂರಿನ ಕಥೆ ಇನ್ನೂ ಬೇರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಹೂಳಿನ ಮೇಲೆ ಮಣ್ಣು ಸುರಿದು ಮಟ್ಟ ಮಾಡಿದರೆ ಮೇಲಿನಿಂದ ನೋಡುವವರಿಗೆ ಎಲ್ಲಾ ಒಂದೇ ಥರದ ಸೈಟು. ಐಐಎಸ್‌ಸಿ ಸಂಶೋಧಕರು ನಗರದ ಭೂಕಂಪ ಅಪಾಯದ ನಕ್ಷೆ ಮಾಡುವಾಗ ಊರಿನ ತುಂಬ ಕೊರೆದಿದ್ದ ನೂರಾರು ಬೋರ್‌ಹೋಲ್‌ಗಳ ಎನ್ ಸಂಖ್ಯೆಗಳನ್ನೇ ಆಧಾರ ಮಾಡಿಕೊಂಡರು. ಕೆರೆ ಇತ್ತೆಂದು ಜನ ಮರೆತರೂ ಏಟಿನ ಲೆಕ್ಕದಲ್ಲಿ ಅದು ಸಿಕ್ಕಿಬೀಳುತ್ತದೆ.

ಫ್ಲ್ಯಾಟ್ ನೋಡಲು ಹೋದಾಗ ನಾವು ಟೈಲ್ಸ್, ಪಾರ್ಕಿಂಗ್, ಕ್ಲಬ್‌ಹೌಸ್ ಎಲ್ಲಾ ವಿಚಾರಿಸುತ್ತೇವೆ, 20 ವರ್ಷದ ಸಾಲಕ್ಕೆ ಸಹಿ ಹಾಕುತ್ತೇವೆ. ಮುಂದಿನ ಸಲ ಇನ್ನೊಂದನ್ನೂ ಕೇಳಿ: ಸಾಯಿಲ್ ರಿಪೋರ್ಟ್ ತೋರಿಸ್ತೀರಾ? ಎಷ್ಟು ಕಡೆ ಕೊರೆದಿರಿ, ಎಷ್ಟು ಆಳಕ್ಕೆ, ಎನ್ ಎಷ್ಟು ಬಂತು, ಬಂಡೆ ಸಿಕ್ಕಿದ ಮೇಲೂ ಕೊರೆದಿರಾ? ಹಳೆ ಸರ್ವೆ ನಕ್ಷೆಯಲ್ಲಿ ಆ ಜಾಗ ಕೆರೆಯೋ, ಹೊಲವೋ ಅದನ್ನೂ ನೋಡಿಕೊಳ್ಳಿ. ಸೋಮೇಶ್ವರನಿಗೆ ಬಂಡೆ ಕಣ್ಣೆದುರೇ ಇತ್ತು. ನಮಗೆ ಆ ಭಾಗ್ಯ ಇಲ್ಲ, ಕಾಗದ ಕೇಳಿಯೇ ತಿಳಿಯಬೇಕು.