ಕೊಲಂಬಿಯಾ: ಊರೊಟ್ಟಿನ ಸ್ವತ್ತು, ಊರೊಟ್ಟಿನ ಹೊಣೆ

ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ, ಮೇರಿಲ್ಯಾಂಡ್ ರಾಜ್ಯದಲ್ಲಿರುವ ಕೊಲಂಬಿಯಾ ನಮ್ಮ ಸಂಘದ ಹಲವು ಕುಟುಂಬಗಳ ವಾಸಸ್ಥಳ. ಆರು ತಿಂಗಳಿಗೆಂದು ಊರಿನಿಂದ ಬಂದ ತಂದೆತಾಯಿಯರು ಬೆಳಗ್ಗೆ ಇಲ್ಲಿನ ಕೆರೆಯ ಸುತ್ತ ನಡೆದು ಬರುತ್ತಾರೆ. ಬೇಸಿಗೆ ಬಂದರೆ ಮಕ್ಕಳು ಈಜುಕೊಳ ಬಿಟ್ಟು ಕದಲುವುದಿಲ್ಲ. ನಾಮಕರಣಕ್ಕೋ ಹಬ್ಬದ ಊಟಕ್ಕೋ ಸಮೀಪದ ಸಭಾಂಗಣ ಬಾಡಿಗೆಗೆ ದೊರೆಯುತ್ತದೆ. ಇವೆಲ್ಲ ಯಾವುದೋ ಪುರಸಭೆಯ ಕೊಡುಗೆ ಎಂದೇ ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಆದರೆ ಕೊಲಂಬಿಯಾಕ್ಕೆ ಪುರಸಭೆಯೂ ಇಲ್ಲ, ಮೇಯರೂ ಇಲ್ಲ. ರಸ್ತೆ, ಶಾಲೆ, ಪೊಲೀಸು, ಕುಡಿಯುವ ನೀರು ಇವು ಹೋವರ್ಡ್ ಕೌಂಟಿಯ ಹೊಣೆ. ಕೆರೆ, ಕಾಲುದಾರಿ, ಉದ್ಯಾನ, ಈಜುಕೊಳಗಳನ್ನು ನೋಡಿಕೊಳ್ಳುವುದು ಕೊಲಂಬಿಯಾ ಅಸೋಸಿಯೇಷನ್ ಎಂಬ ಲಾಭರಹಿತ ಸಂಸ್ಥೆ. ಈ ಏರ್ಪಾಡು ಹೇಗೆ ಹುಟ್ಟಿತು, ಇಷ್ಟು ವರ್ಷ ಹೇಗೆ ಉಳಿಯಿತು ಎಂಬುದನ್ನು ತಿಳಿಯುವುದು ಇಲ್ಲಿ ಮನೆ ಮಾಡಿಕೊಂಡಿರುವ ನಮಗೆ ಅಗತ್ಯವಾಗಿದೆ.

1962ರ ಕೊನೆಯಿಂದ 1963ರವರೆಗೆ ಹೋವರ್ಡ್ ಕೌಂಟಿಯ ರೈತರ ಹೊಲಗಳು ಒಂದೊಂದಾಗಿ ಮಾರಾಟವಾಗತೊಡಗಿದವು. ಕೊಳ್ಳುವವರು ಬೇರೆ ಬೇರೆ ಹೆಸರಿನ ಕಂಪನಿಗಳು. ಅವೆಲ್ಲದರ ಹಿಂದೆ ಇದ್ದವರು ಒಬ್ಬರೇ. ಮೇರಿಲ್ಯಾಂಡಿನ ಈಸ್ಟನ್ ಪಟ್ಟಣದಲ್ಲಿ 1914ರಲ್ಲಿ ಜನಿಸಿದ ಜೇಮ್ಸ್ ರೌಸ್ ಎಂಬ ಉದ್ಯಮಿ. ಕನೆಕ್ಟಿಕಟ್ ಜನರಲ್ ಎಂಬ ಜೀವವಿಮಾ ಕಂಪನಿ ಹಣ ಒದಗಿಸಿತು. ಎಕರೆಗೆ ಸರಾಸರಿ ಸುಮಾರು 1,500 ಡಾಲರಿನಂತೆ 14,000 ಎಕರೆಗೂ ಹೆಚ್ಚು ನೆಲ, ಅಂದರೆ ಕೌಂಟಿಯ ಸರಿಸುಮಾರು ಹತ್ತನೆಯ ಒಂದು ಭಾಗ, ಅವರ ಕೈಸೇರಿತು. 1963ರ ಅಕ್ಟೋಬರಿನಲ್ಲಿ ಗುಟ್ಟು ಬಯಲಾಯಿತು: ಇಲ್ಲೊಂದು ಹೊಸ ನಗರ ಏಳಲಿದೆ.

ಪರಿಪೂರ್ಣ ನಗರವೊಂದನ್ನು ಕಟ್ಟುವುದು, ನೆಲವನ್ನು ಗೌರವಿಸುವುದು, ಮನುಷ್ಯರ ಬೆಳವಣಿಗೆಗೆ ಅವಕಾಶ ಕಲ್ಪಿಸುವುದು ಮತ್ತು ಲಾಭ ಗಳಿಸುವುದು: ಇವು ರೌಸ್ ಮುಂದಿಟ್ಟುಕೊಂಡಿದ್ದ ನಾಲ್ಕು ಗುರಿಗಳು. ನಾಲ್ಕನೆಯದನ್ನು ಅವರು ಎಂದೂ ಮರೆಮಾಚಲಿಲ್ಲ. ಆದರೆ ನಕ್ಷೆ ಅಂತಿಮವಾಗುವ ಮುನ್ನ ಹದಿನಾಲ್ಕು ಮಂದಿ ತಜ್ಞರನ್ನು ಒಂದೆಡೆ ಕೂರಿಸಿ ತಿಂಗಳುಗಟ್ಟಲೆ ಚರ್ಚೆ ನಡೆಸಿದರು. ಅವರಲ್ಲಿ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ ಇದ್ದರು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಾನಸಿಕ ಆರೋಗ್ಯ ತಜ್ಞ ಪಾಲ್ ಲೆಮ್ಕೌ ಇದ್ದರು. ಮಕ್ಕಳು ಶಾಲೆಗೆ ನಡೆದು ಹೋಗಬಹುದೇ, ಮುದುಕರು ಒಂಟಿಯಾಗುವರೇ, ಕಾಯಿಲೆ ಬಿದ್ದವರು ಎಲ್ಲಿಗೆ ಹೋಗಬೇಕು, ಇಂಥ ಪ್ರಶ್ನೆಗಳು ಮನೆ ಕಟ್ಟುವ ಮೊದಲೇ ಚರ್ಚೆಗೆ ಬಂದವು.

ಈ ಚರ್ಚೆಯ ಫಲ ನಕ್ಷೆಯಲ್ಲಿ ಕಾಣುತ್ತದೆ. ಊರನ್ನು ‘ವಿಲೇಜ್’ಗಳನ್ನಾಗಿ ವಿಂಗಡಿಸಲಾಯಿತು, ಟೌನ್ ಸೆಂಟರ್ ಸೇರಿ ಇಂದು ಅವು ಹತ್ತು. ಒಂದೊಂದು ವಿಲೇಜಿನಲ್ಲೂ ಹಲವು ಕೇರಿಗಳು. ಕೇರಿಗೊಂದು ಪ್ರಾಥಮಿಕ ಶಾಲೆ, ಈಜುಕೊಳ, ಸಣ್ಣ ಅಂಗಡಿ ಇರಬೇಕೆಂಬುದು ಮೂಲ ಆಲೋಚನೆ; ವಿಲೇಜಿನ ನಡುವೆ ದೊಡ್ಡ ದಿನಸಿ ಅಂಗಡಿ, ಸಭಾಂಗಣ. ವಿದ್ಯುತ್ ತಂತಿಗಳು ನೆಲದಡಿಯಲ್ಲಿ ಹಾದವು. ಕಾಲುದಾರಿಗಳು ವಾಹನಗಳ ದಾರಿಯಿಂದ ದೂರವಾಗಿ, ಅಲ್ಲಲ್ಲಿ ರಸ್ತೆಯ ಕೆಳಗೆ ನುಸುಳಿ ಸಾಗಿದವು. ಅಂಚೆ ಪೆಟ್ಟಿಗೆಗಳನ್ನು ಕೂಡ ಮನೆಮನೆಯ ಮುಂದಿಡದೆ ಒಂದೆಡೆ ಸಾಲಾಗಿ ಇಟ್ಟರು. ಪತ್ರ ತರಲು ಹೋದವರು ನೆರೆಯವರ ಮುಖ ನೋಡಿ ನಾಲ್ಕು ಮಾತಾಡಲಿ ಎಂಬ ಉದ್ದೇಶದಿಂದ. 1970ರಲ್ಲಿ ವೈಲ್ಡ್ ಲೇಕ್‌ನಲ್ಲಿ ತೆರೆದ ಸರ್ವಧರ್ಮ ಕೇಂದ್ರದಲ್ಲಿ ಪ್ರಾಟೆಸ್ಟೆಂಟರು, ಕ್ಯಾಥೊಲಿಕರು, ಯಹೂದಿಗಳು ಒಂದೇ ಸೂರನ್ನು ಹಂಚಿಕೊಂಡರು.

1967ರ ಜೂನ್ 21ರಂದು ಊರು ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಭಿನ್ನ ಜನಾಂಗದವರ ವಿವಾಹವನ್ನು ನಿಷೇಧಿಸುವ ಕಾನೂನುಗಳು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸಾರಿ ಆಗ ಒಂಬತ್ತೇ ದಿನಗಳಾಗಿದ್ದವು. ಮನೆ ಮಾರುವಾಗ ಬಣ್ಣ ನೋಡಬಾರದೆಂಬ ರಾಷ್ಟ್ರೀಯ ಕಾನೂನು ಬಂದದ್ದು ಮರುವರ್ಷ, 1968ರ ಏಪ್ರಿಲಿನಲ್ಲಿ. ಅದಕ್ಕೂ ಮೊದಲೇ ಕೊಲಂಬಿಯಾದಲ್ಲಿ ಯಾರು ಬೇಕಾದರೂ ಮನೆ ಕೊಳ್ಳಬಹುದಿತ್ತು. ಇಲ್ಲಿ ನಮ್ಮ ಚರಿತ್ರೆಯೂ ಬಂದು ಸೇರುತ್ತದೆ. ಹೋವರ್ಡ್ ಕೌಂಟಿ ಈ ಹೊಸ ಊರಿಗೆ ಅನುಮತಿ ನೀಡಿದ್ದು 1965ರ ಆಗಸ್ಟಿನಲ್ಲಿ. ಭಾರತೀಯರಿಗೆ ಈ ದೇಶದ ಬಾಗಿಲು ತೆರೆದ ವಲಸೆ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ನಾವು ಬರುವ ಹೊತ್ತಿಗೆ ನಮ್ಮನ್ನು ಬೇಡವೆನ್ನದ ಊರೊಂದು ಸಿದ್ಧವಾಗುತ್ತಿತ್ತು.

ಆದರೆ ಯೋಜಿಸಿದ್ದೆಲ್ಲವೂ ಉಳಿಯಲಿಲ್ಲ. ವೈದ್ಯವೃತ್ತಿಯವರಾದ ನಮಗೆ ಮುಖ್ಯವಾದ ನಿದರ್ಶನ 1969ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಹಯೋಗದಲ್ಲಿ ಆರಂಭವಾದ ಕೊಲಂಬಿಯಾ ಮೆಡಿಕಲ್ ಪ್ಲಾನ್. ಕುಟುಂಬವು ಮುಂಗಡವಾಗಿ ನಿಗದಿತ ಹಣ ಕಟ್ಟಿದರೆ ವೈದ್ಯರ ತಂಡವೊಂದು ಅದರ ಆರೋಗ್ಯವನ್ನು ನೋಡಿಕೊಳ್ಳುತ್ತಿತ್ತು. ಇಂಥ ವ್ಯವಸ್ಥೆಗಳಿಗೆ ಉತ್ತೇಜನ ನೀಡುವ ರಾಷ್ಟ್ರೀಯ ಕಾಯಿದೆ ಬಂದದ್ದು 1973ರಲ್ಲಿ. ಅದೇ ವರ್ಷ ಆರಂಭವಾದ ಆಸ್ಪತ್ರೆ ಬೆಳೆದು, 1998ರಲ್ಲಿ ಜಾನ್ಸ್ ಹಾಪ್ಕಿನ್ಸ್ ಬಳಗವನ್ನು ಸೇರಿ ಇಂದಿಗೂ ನಡೆಯುತ್ತಿದೆ. ಆ ಆರೋಗ್ಯ ಯೋಜನೆ ಮಾತ್ರ ಇಂದು ಇಲ್ಲ. ಕೇರಿಯ ಸಣ್ಣ ಅಂಗಡಿಗಳು ದೊಡ್ಡ ಮಳಿಗೆಗಳ ಪೈಪೋಟಿಗೆ ನಿಲ್ಲಲಾರದೆ ಮುಚ್ಚಿದವು. ವೈಲ್ಡ್ ಲೇಕ್ ಪ್ರೌಢಶಾಲೆ 1971ರಲ್ಲಿ ಗೋಡೆಗಳಿಲ್ಲದ ತರಗತಿಗಳೊಂದಿಗೆ ಆರಂಭವಾಗಿ ಹೆಸರು ಮಾಡಿತು. ಕಾಲು ಶತಮಾನದೊಳಗೆ ಆ ಕಟ್ಟಡವನ್ನೇ ಕೆಡವಿ ಹೊಸದನ್ನು ಕಟ್ಟಲಾಯಿತು. 1970ರ ದಶಕದ ಮಧ್ಯದ ಆರ್ಥಿಕ ಹಿಂಜರಿತದಲ್ಲಿ ಇಡೀ ಯೋಜನೆಯೇ ದಿವಾಳಿಯ ಅಂಚಿಗೆ ಬಂದಿತ್ತು. ರೌಸ್ 1996ರಲ್ಲಿ ತೀರಿಕೊಂಡರು. 2004ರಲ್ಲಿ ಅವರ ಕಂಪನಿಯೂ ಬೇರೆಯವರ ಪಾಲಾಯಿತು.

ಹಾಗಾದರೆ ಸುಮಾರು 3,600 ಎಕರೆ ಹಸಿರು ಪ್ರದೇಶ, 90 ಮೈಲಿಗೂ ಮೀರಿದ ಕಾಲುದಾರಿ ಮತ್ತು ಮೂರು ಕೆರೆಗಳು ಹೇಗೆ ಉಳಿದವು? ಉತ್ತರವಿರುವುದು 1965ರ ಡಿಸೆಂಬರಿನಲ್ಲಿ ನೋಂದಣಿಯಾದ ಒಂದು ಕರಾರುಪತ್ರದಲ್ಲಿ. ಮೊದಲ ನಿವಾಸಿ ಬರುವುದಕ್ಕೆ ಒಂದೂವರೆ ವರ್ಷ ಮುಂಚೆಯೇ ಅದನ್ನು ಬರೆಯಲಾಯಿತು. ಅದರ ಪ್ರಕಾರ ಇಲ್ಲಿನ ಆಸ್ತಿಯ ಮೇಲೆ, ತೆರಿಗೆಗೆಂದು ಕಟ್ಟಿದ ಮೌಲ್ಯದ ಪ್ರತಿ 100 ಡಾಲರಿಗೆ 75 ಸೆಂಟ್ ಮೀರದಂತೆ ವಾರ್ಷಿಕ ಶುಲ್ಕ ಬೀಳುತ್ತದೆ. ಈ ಹೊಣೆ ಅಂಟಿಕೊಂಡಿರುವುದು ವ್ಯಕ್ತಿಗಲ್ಲ, ನೆಲಕ್ಕೆ. ಮನೆ ಎಷ್ಟು ಕೈ ಬದಲಾಯಿಸಿದರೂ ಕೊಂಡವರು ಅದನ್ನು ಹೊರಲೇಬೇಕು. ಈಜುಕೊಳಕ್ಕೆ ಪ್ರತ್ಯೇಕ ಸದಸ್ಯತ್ವದ ಹಣ ಉಂಟು; ಕೆರೆದಂಡೆಯ ನಡಿಗೆಗೆ ಯಾರೂ ಹಣ ಕೇಳುವುದಿಲ್ಲ. ಮಾರುಕಟ್ಟೆಯನ್ನೋ ಹೊಸತನದ ಉತ್ಸಾಹವನ್ನೋ ನೆಚ್ಚಿಕೊಂಡಿದ್ದವು ಹೋದವು. ನೆಲಕ್ಕೆ ಕಟ್ಟಿಹಾಕಿದ್ದು ಉಳಿಯಿತು.

ಕೆರೆಯ ಮಾತು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯಬಹುದು, ಕೆರೆ ಉಳಿಯುವುದು ಹೂಳೆತ್ತುವವರಿದ್ದರೆ ಮಾತ್ರ. ಕೊಲಂಬಿಯಾದ ಕೆರೆಗಳೂ ಮನುಷ್ಯರು ಕಟ್ಟೆ ಕಟ್ಟಿ ನಿಲ್ಲಿಸಿದವೇ. ಮಳೆನೀರಿನೊಂದಿಗೆ ಮಣ್ಣು ಹರಿದುಬಂದು ಅವೂ ತುಂಬುತ್ತವೆ. 2010ರ ಆಸುಪಾಸಿನಲ್ಲಿ ಅಸೋಸಿಯೇಷನ್ ದೊಡ್ಡ ಮೊತ್ತ ವ್ಯಯಿಸಿ ಹೂಳು ತೆಗೆಸಿತು. ಮಧುಮೇಹವಿರುವ ಹಿರಿಯರಿಗೆ ‘ದಿನವೂ ನಡೆಯಿರಿ’ ಎಂದು ಹೇಳುವುದು ನಮಗೆ ಸುಲಭ. ಆದರೆ ಭಾಷೆ ಬಾರದ, ಕಾರು ಓಡಿಸದ ಅಜ್ಜಿಯೊಬ್ಬರು ಯಾರ ಹಂಗೂ ಇಲ್ಲದೆ ನಡೆದು ಬರಬೇಕಾದರೆ ಆ ದಾರಿಯನ್ನು ಯಾರೋ ದುರಸ್ತಿಯಲ್ಲಿ ಇಟ್ಟಿರಬೇಕು.

ಆ ‘ಯಾರೋ’ ಈಗ ನಾವೇ. ಆರಂಭದಲ್ಲಿ ಅಸೋಸಿಯೇಷನ್ನಿನ ಆಡಳಿತ ರೌಸ್ ಕಂಪನಿಯ ಕೈಯಲ್ಲಿತ್ತು. ಮನೆಗಳು ಹೆಚ್ಚಿದಂತೆ ಹಂತಹಂತವಾಗಿ ನಿವಾಸಿಗಳ ಪ್ರತಿನಿಧಿಗಳಿಗೆ ಬಂತು. ಪ್ರತಿ ವಸಂತದಲ್ಲಿ ವಿಲೇಜ್‌ಗಳಲ್ಲಿ ಚುನಾವಣೆ ನಡೆಯುತ್ತದೆ. ಶುಲ್ಕ ಎಷ್ಟಿರಬೇಕು, ಯಾವ ಕೊಳ ಮುಚ್ಚಬೇಕು, ಯಾವ ದಾರಿ ಸರಿಪಡಿಸಬೇಕು ಎಂಬುದೆಲ್ಲ ಹೀಗೆ ಆರಿಸಿಬಂದವರ ಮುಂದೆ ಬರುತ್ತದೆ. ಆದರೆ ಮತ ಹಾಕುವವರು ಬಲು ಕಡಿಮೆ. ನಮ್ಮ ಬಳಗದ ಮಟ್ಟಿಗೆ ಹೇಳುವುದಾದರೆ, ಶುಲ್ಕ ತಪ್ಪದೆ ಕಟ್ಟುತ್ತೇವೆ, ಜಾಸ್ತಿಯಾಯಿತೆಂದು ಊಟದ ಪಂಕ್ತಿಯಲ್ಲಿ ಗೊಣಗುತ್ತೇವೆ, ಸಭೆಗೆ ಮಾತ್ರ ಹೋಗುವುದಿಲ್ಲ. ಹಬ್ಬಕ್ಕೆ ಸಭಾಂಗಣ ಬೇಕಾದಾಗ ಮಾತ್ರ ವಿಲೇಜ್ ಕಚೇರಿಯ ನೆನಪಾಗುತ್ತದೆ.

ಕರಾರುಪತ್ರ ಹಣವನ್ನು ತರಬಲ್ಲದು, ಅದನ್ನು ಹೇಗೆ ವಿನಿಯೋಗಿಸಬೇಕೆಂದು ಹೇಳುವ ಮನುಷ್ಯರನ್ನು ತರಲಾರದು. ಕೊಲಂಬಿಯಾದಲ್ಲಿ ವಾಸಿಸುವ ಸದಸ್ಯರು ಈ ಸಲ ತಮ್ಮ ವಿಲೇಜ್ ಚುನಾವಣೆಯ ದಿನವನ್ನು ಯುಗಾದಿಯ ಕಾರ್ಯಕ್ರಮದ ಪಕ್ಕದಲ್ಲೇ ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇವೆ. ಬೇರೆ ಊರುಗಳ ಸದಸ್ಯರು ತಮ್ಮ ಬಡಾವಣೆಯ ಕರಾರುಪತ್ರವನ್ನು ಒಮ್ಮೆ ಹೊರತೆಗೆದು ಓದಲಿ. ಮನೆ ಕೊಂಡ ದಿನ ನಾವೆಲ್ಲರೂ ಅದಕ್ಕೆ ಸಹಿ ಹಾಕಿದ್ದೇವೆ. ಓದಿದವರು ಎಷ್ಟು ಮಂದಿಯೋ!