ಒಮಾನ್: ಮಾನಸಿಕ ಅಸ್ವಾಸ್ಥ್ಯವುಳ್ಳ ಮಕ್ಕಳಿಗೆ ಅಂಗವಿಕಲ ಭತ್ಯೆ

ಒಮಾನಿನಲ್ಲಿ ಅಂಗವಿಕಲ ಭತ್ಯೆಯೆಂದರೆ 2023ರ 52ನೇ ರಾಜಾಜ್ಞೆಯ ಮೂಲಕ ಜಾರಿಗೆ ಬಂದ ಸಾಮಾಜಿಕ ರಕ್ಷಣಾ ಕಾನೂನಿನಡಿ, 2024ರ ಜನವರಿಯಿಂದ ಅರ್ಹ ನಾಗರಿಕರಿಗೆ ತಿಂಗಳಿಗೆ 130 ರಿಯಾಲ್‌ನಂತೆ ಸಲ್ಲುತ್ತಿರುವ ಧನಸಹಾಯ. ಇದೇ ಕಾನೂನು ಹದಿನೆಂಟರೊಳಗಿನ ಪ್ರತಿ ಒಮಾನಿ ಮಗುವಿಗೂ ತಿಂಗಳಿಗೆ 10 ರಿಯಾಲ್ ಕೊಡುತ್ತದೆ. ಮಗು ಅಂಗವಿಕಲವೆಂದು ಮಾನ್ಯವಾಗುವುದಕ್ಕೂ ಆಗದಿರುವುದಕ್ಕೂ ಇರುವ ಅಂತರ ಎಷ್ಟೆಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

ಒಮಾನ್ 2009ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ದೈಹಿಕ ಮತ್ತು ಇಂದ್ರಿಯ ಸಂಬಂಧಿ ನ್ಯೂನತೆಗಳ ಜೊತೆಗೆ ಮಾನಸಿಕ ಹಾಗೂ ಬೌದ್ಧಿಕ ನ್ಯೂನತೆಗಳನ್ನು ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಆದರೆ ತೊಡಕಿರುವುದು ವ್ಯಾಖ್ಯೆಯಲ್ಲಲ್ಲ, ತಪಾಸಣೆಯಲ್ಲಿ. ಕಿವುಡುತನವನ್ನು ಶ್ರವಣ ಪರೀಕ್ಷೆಯ ಒಂದು ನಕ್ಷೆ ತೋರಿಸಿಕೊಡುತ್ತದೆ. ಖಿನ್ನತೆಯಿಂದಲೋ ತೀವ್ರ ಆತಂಕದಿಂದಲೋ ವಾರಗಟ್ಟಲೆ ಶಾಲೆಯ ಮೆಟ್ಟಿಲು ಹತ್ತದ ಬಾಲಕಿ ತಪಾಸಣೆಯ ದಿನ ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿಬಿಟ್ಟರೆ, ಅವಳ ಕಾಯಿಲೆ ಕಾಗದದ ಮೇಲೆ ಇಲ್ಲವೇ ಇಲ್ಲವೆಂಬಂತಾಗುತ್ತದೆ. ಮನೋರೋಗಕ್ಕೇ ಮೀಸಲಾದ ಅಲ್ ಮಸರ್ರಾ ಆಸ್ಪತ್ರೆಯೂ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ಆಸ್ಪತ್ರೆಯೂ ಮಸ್ಕತ್ ಪ್ರದೇಶದಲ್ಲಿವೆ. ಸಲಾಲಾದ ಕುಟುಂಬಕ್ಕೆ ಅದು ಸುಮಾರು ಸಾವಿರ ಕಿಲೋಮೀಟರ್ ದೂರ.

ಗುರುತಿಸುವ ವ್ಯವಸ್ಥೆ ಬಲಗೊಂಡಂತೆ ಲೆಕ್ಕ ಎಷ್ಟು ಬದಲಾಗಬಹುದೆಂಬುದಕ್ಕೆ ಆಟಿಸಂ, ಅಂದರೆ ಸಂವಹನ ಮತ್ತು ಸಾಮಾಜಿಕ ಒಡನಾಟದಲ್ಲಿ ತೊಡಕುಂಟುಮಾಡುವ ಬೆಳವಣಿಗೆಯ ಭಿನ್ನತೆಯೇ ಸಾಕ್ಷಿ: 2011ರಲ್ಲಿ ಪ್ರಕಟವಾದ ಅಧ್ಯಯನ ಹತ್ತು ಸಾವಿರ ಮಕ್ಕಳಲ್ಲಿ 1.4 ಪ್ರಕರಣಗಳನ್ನಷ್ಟೇ ಕಂಡಿದ್ದರೆ, 2019ರ ಅಧ್ಯಯನ 20.35 ಎಂದಿತು. ಇಷ್ಟು ದೊಡ್ಡ ಏರಿಕೆಯನ್ನು ರೋಗವೇ ಹಬ್ಬಿತೆಂದು ಓದುವುದಕ್ಕಿಂತ, ಮೊದಲು ಲೆಕ್ಕಕ್ಕೆ ಸಿಗದಿದ್ದ ಮಕ್ಕಳು ಈಗ ಸಿಕ್ಕರೆಂದು ಓದುವುದೇ ಹೆಚ್ಚು ಸಮಂಜಸ.

ಭತ್ಯೆ ಒಮಾನಿ ನಾಗರಿಕರಿಗೆ ಮಾತ್ರವಾದ್ದರಿಂದ, ಅಲ್ಲಿ ದುಡಿಯುವ ಕನ್ನಡಿಗರೂ ಸೇರಿದಂತೆ ವಲಸಿಗರ ಮಕ್ಕಳು ಎಷ್ಟೇ ವರ್ಷ ಅಲ್ಲಿದ್ದರೂ ಅದರ ಹೊರಗೇ ಉಳಿಯುತ್ತಾರೆ. ಅಂಥ ಕುಟುಂಬ ಕರ್ನಾಟಕಕ್ಕೆ ಮರಳಿದಾಗ, 2016ರ ಭಾರತೀಯ ಕಾಯ್ದೆಯಂತೆ ಇಲ್ಲಿನ ವೈದ್ಯಕೀಯ ಪ್ರಾಧಿಕಾರದಿಂದ ಪ್ರಮಾಣಪತ್ರವನ್ನು ಹೊಸದಾಗಿಯೇ ಪಡೆಯಬೇಕು. ಆ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಆದರೂ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗಷ್ಟೇ ಸಿಗುತ್ತದೆ. ಖಿನ್ನತೆಯೊಂದೇ ಇರುವ ಮಗುವಿಗೆ ಸಿಗುವುದಿಲ್ಲ.